ಕಿರುಬೆರಳು

ಕೀತ್ಲಿ ಮಾರುಕಟ್ಟೆಯೊಳಗೆ, ಚೀಸ್ ಮಾರುವ ಡೋರೀನಳಿಗೂ
ಬೀಗದ ಕೈ ಕೊರೆಯುವವನಿಗೂ ನಡುವೆ
ಮೂರೂವರೆ ಅಡಿ ನನ್ನ ರಿಪೇರಿ ಮೇಜು.
ಮಂಗಳವಾರ ಹೋಲ್ರಾಯ್ಡ್ ಬಂದ.
"ಇದಕ್ಕೆ ನಾನು ಯಾರೂ ಅಲ್ಲವಂತೆ,"
ಹೊಸ ಫೋನನ್ನು ಮುಂದಿಟ್ಟ,
ಮರಳಿಸಲು ತಂದ ನಾಯಿಮರಿಯ ಹಾಗೆ.

ಮೊದಲು ಅನುಮಾನ ಗಾಜಿನ ಹೊದಿಕೆಯ ಮೇಲೆ.
ಎರಡು ಪೌಂಡಿನ ಸರಕು; ನಡುವೆ ಗಾಳಿ ಸೇರಿದರೆ
ಪರದೆಯಡಿಯ ಕಣ್ಣಿಗೆ ಪೊರೆ.
ಉಗುರಿನಿಂದ ಎಬ್ಬಿಸಿ ಕಿತ್ತೆ. ಒರೆಸಿದೆ.
"ಈಗ ಒತ್ತಿ."
ಒಳಗಿಂದ ಹಸಿರು ಬೆಳಕೆದ್ದು
ಹೆಬ್ಬೆರಳ ತುದಿ ಬೆಳಗಿತು,
ದೀಪಕ್ಕೆ ಹಿಡಿದ ಮೊಟ್ಟೆ.
ಫೋನು ನಡುಗಿತು. ಮತ್ತೊಮ್ಮೆ ಪ್ರಯತ್ನಿಸಿ.
ಮತ್ತೊಮ್ಮೆ.
ಮತ್ತೊಮ್ಮೆ.

ಕೈ ಹೊರಳಿಸಿ ನೋಡಿದೆ.
ನಲವತ್ತೊಂದು ವರ್ಷ, ಗಾರೆಯ ಹಂಗಿಲ್ಲದೆ
ಕಲ್ಲಿಗೆ ಕಲ್ಲು ಕೂರಿಸಿ
ಗುಡ್ಡಕ್ಕೆ ಗೋಡೆ ಉಡಿಸಿದ ಕೈ.
ಶಂಖವಿಲ್ಲ, ಚಕ್ರವಿಲ್ಲ,
ಹೊಳೆಯಲ್ಲಿ ಉರುಳಿ ಬಂದ ಗುಂಡುಕಲ್ಲು.

ನಮ್ಮಲ್ಲಿ ಓದು ಬಾರದವನನ್ನು ಹೆಬ್ಬೆಟ್ಟು ಅನ್ನುತ್ತಾರೆ.
ಇವನು ಪೆನ್ನಿನಲ್ಲೇ ಪದಬಂಧ ತುಂಬುವವನು,
ಇಲ್ಲದ್ದು ಹೆಬ್ಬೆಟ್ಟೇ.
ನಾಲಿಗೆಯ ತುದಿಗೆ ಬಂತು.
ಇಂಗ್ಲಿಷಿಗೆ ದಾಟಿಸುವಷ್ಟರಲ್ಲಿ ನಗು ಸೋರಿಹೋಗುತ್ತದೆಂದು
ನುಂಗಿದೆ.

"ನಾಲ್ಕು ಅಂಕಿ ಇಟ್ಟುಕೊಳ್ಳಬಹುದಲ್ಲ?"
"ಮಗಳು ಇಟ್ಟುಕೊಟ್ಟಿದ್ದಾಳೆ, ಅವಳ ಹುಟ್ಟಿದ ದಿನ.
ಕೇಳಿದವರಿಗೆಲ್ಲ ಹೇಳಿಬಿಡುತ್ತೇನೆ."

ಒಂದೊಂದೇ ಬೆರಳನ್ನು ಕರೆದೆವು.
ತೋರುಬೆರಳು: ಸುತ್ತಿಗೆಯೇಟಿಗೆ ತುದಿ ಚಪ್ಪಟೆ.
ನಡುಬೆರಳು, ಇಲ್ಲ.
ಉಂಗುರದ ಬೆರಳಿಗೆ ಏಳನೆಯ ಸಲ ಅರ್ಧ ವೃತ್ತ ತುಂಬಿ
ಅಲ್ಲೇ ನಿಂತಿತು.
"ಮೂಗು ಇಡಿಸು," ಡೋರೀನ್ ಕೂಗಿದಳು.
ಇಟ್ಟೂ ಇಟ್ಟ, ಪುಣ್ಯಾತ್ಮ.

ಕಡೆಗೆ ಎಡಗೈಯ ಕಿರುಬೆರಳು.
ಕಲ್ಲು ಎತ್ತುವಾಗೆಲ್ಲ ಆಚೆಗೆ ಚಾಚಿಕೊಂಡಿದ್ದದ್ದು,
ಎಲ್ಲರೂ ದುಡಿಯುವ ಮನೆಯ ಮೈಗಳ್ಳ.
ಪರದೆ ತಕರಾರಿಲ್ಲದೆ ತುಂಬಿತು.
ಒಂದು ಗೆರೆಯೂ ಖರ್ಚಾಗಿರಲಿಲ್ಲ,
ಕೆಲಸಕ್ಕೆ ಸೇರಿದ ದಿನದ ಹುಡುಗ
ಆ ತುದಿಯಲ್ಲಿ ಇನ್ನೂ ಹಾಗೇ.

ಗದಗಿನ ಶಾಲೆಯಲ್ಲಿ ಕಿರುಬೆರಳೆತ್ತಿದರೆ
ಮಾಸ್ತರು ಹೊರಗೆ ಬಿಡುತ್ತಿದ್ದರು,
ನಿನಗೆ ಇದು ಒಳಗೆ ಬಿಡುತ್ತಿದೆ ಅಂದೆ.
ಯಾಕೆ ಹೊರಗೆ ಎಂದು ವಿವರಿಸಬೇಕಾಯಿತು.
ಮೇಜು ಅಲುಗುವಂತೆ ನಕ್ಕ.
ಆಮೇಲೆ ಬೆರಳನ್ನು ನೋಡಿದ,
ಆಸ್ತಿ ಕೇಳಲು ಬಂದ ದಾಯಾದಿಯನ್ನು ನೋಡುವ ಹಾಗೆ.
"ಏನೂ ಮಾಡಿದವನಲ್ಲ ಇವನು.
ಇನ್ನು ನಾನು ಅಂದರೆ ಇವನೋ?"
ನಾನು ಚಿಲ್ಲರೆ ಎಣಿಸುತ್ತಿದ್ದೆ.

ಸಂಜೆ ಓಕ್‌ವರ್ತ್ ಏರುವ ಬಸ್ಸು.
ಉಸಿರಿಗೆ ಮಂಜಾದ ಕಿಟಕಿ,
ಆಚೆ ಎಲ್ಲೋ ಅವನ ಗೋಡೆಗಳು;
ಯಾವ ಗುಡ್ಡದವು ಎಂದು ಕೇಳಿರಲಿಲ್ಲ.
ಸುಮ್ಮನೆ ಹೆಬ್ಬೆರಳು ಒತ್ತಿ ತೆಗೆದೆ.
ಗೆರೆಗಳ ಸಂದಿಯಲ್ಲಿ ಮಂಜು ಉಳಿದಿತ್ತು.
ಹೋದ ವರ್ಷ ಬೆಸುಗೆಯ ಕಡ್ಡಿ ಸುಟ್ಟ ಕಡೆ ಮಾತ್ರ
ಎಳ್ಳುಕಾಳಷ್ಟು ಗಾಜು ನಿಚ್ಚಳ.
ಕಣ್ಣು ತಾಗಿಸಿದೆ:
ಕಲ್ಲಿನ ಮೇಲೆ ಕಲ್ಲು,
ನಾಲ್ಕು ಮಾರು,
ಬಸ್ಸು ತಿರುಗುವ ತನಕ.