ತೊಟ್ಟು ಬಿಡಿಸಿದ ಬಾಂಡು

ಬ್ಯಾಡಗಿಯ ನಮ್ಮ ಸಹಕಾರಿ ಬ್ಯಾಂಕಿನ ಹಿತ್ತಲ ಕಿಟಕಿಯನ್ನು
ಫೆಬ್ರುವರಿಯಲ್ಲಿ ತೆರೆಯುವಂತಿಲ್ಲ.
ತೆರೆದರೆ ಕಡ್ಡಿಕಾಯಿಯ ಘಾಟು
ಹೂಡಿಕೆ ವಹಿಯೊಳಗಿನ ಸೊನ್ನೆಗಳನ್ನೂ ಸೀನಿಸುತ್ತದೆ.

ಆದರೂ ಮಧ್ಯಾಹ್ನ ನಾನು ಬುತ್ತಿ ಬಿಚ್ಚುವುದು
ಅದೇ ಹಿತ್ತಲ ಕಟ್ಟೆಯ ಮೇಲೆ, ದಾವಲಬಿಯ ಮಗ್ಗುಲಿಗೆ.
ಅವಳ ಉಗುರಿಗೊಂದು ಸದ್ದಿದೆ, ಟಿಕ್.
ಕಾಯಿ ಬುಟ್ಟಿಗೆ, ತೊಟ್ಟು ಚೀಲಕ್ಕೆ. ಟಿಕ್.
"ದಿನಾ ಒಳಗ ಕುಂತು ಅದೇನ್ ಬರೀತೀರಿ ಅಕ್ಕಾರ?"

ಸರಕಾರಕ್ಕೆ ಕೊಟ್ಟ ಸಾಲ, ಎಂದೆ.
ಒಂದು ಕಾಯಿ ಇಸಕೊಂಡು ತೋರಿಸಿದೆ:
ಇದು ಬಾಂಡು ಅಂತ ತಿಳಿ. ಹತ್ತು ವರ್ಷದ್ದು.
ಆರು ತಿಂಗಳಿಗೊಮ್ಮೆ ಬಡ್ಡಿ, ಕಡೆಗೆ ಅಸಲು.
ಬಿಡಿಸಿದರೆ ಇಪ್ಪತ್ತು ಬಡ್ಡಿ, ಒಂದು ಅಸಲು,
ಇಪ್ಪತ್ತೊಂದು ಚೂರು.
ಒಂದೊಂದಕ್ಕೂ ತನ್ನದೇ ತಾರೀಖು, ತನ್ನದೇ ಗಿರಾಕಿ.
ಬಿಡಿ ಚೂರಿಗೆ ನಡುವೆ ಏನೂ ಹುಟ್ಟುವುದಿಲ್ಲ,
ಸುಮ್ಮನೆ ಕೂತಿರುತ್ತದೆ.
ನಮ್ಮಲ್ಲಿರುವುದು ಇನ್ನೂ ಉದ್ದನೆಯ ಬಾಂಡಿನ ತುಣುಕು, ೨೦೩೯ರದ್ದು.
ಆಗಿನ ನೂರು ರೂಪಾಯಿಗೆ ಈಗ ಕೊಟ್ಟದ್ದು ನಲವತ್ತು.
ಮಿಕ್ಕ ಅರವತ್ತು, ಕಾದದ್ದರ ಕೂಲಿ.

"ಅಯ್ಯ, ನಮ್ಮ ಚೀಟಿ ಅಲ್ಲೇನ್ರಿ ಇದು!
ಪರವೀನ ಹತ್ತು ಸಾವಿರದ ಚೀಟಿ ಏಳಕ್ಕ ಕೂಗಿ ಎತ್ತಿದ್ಲು.
ಅವಸರದಾಕಿ ಬಿಟ್ಟದ್ದು ತಾಳಿದವರ ಸೆರಗಿಗೆ ಬಂತು."

ನನಗೆ ಸ್ವಲ್ಪ ಹುರುಪು ಬಂತು.
ಇನ್ನೊಂದು ಜಾತಿ ಇದೆ, ಎಂದೆ.
ಪೇಟೆಯಲ್ಲಿ ತುಟ್ಟಿಯಾದಷ್ಟು ಅದರ ಅಸಲೂ ಏರುತ್ತದೆ,
ಬಡ್ಡಿಯ ದರ ಅದೇ, ಲೆಕ್ಕ ಮಾತ್ರ ಏರಿದ ಅಸಲಿನ ಮೇಲೆ.
ಸೋವಿಯಾಗಿ ಇಳಿದರೂ ಕಡೆಗೆ
ಕೊಟ್ಟ ಅಸಲಿಗೆ ಕಡಿಮೆಯಿಲ್ಲ.

ಟಿಕ್.
"ಮೋಟೆಬೆನ್ನೂರಿನ ನಾದಿನಿಗೆ ಮೂರು ಚೀಲ ಜ್ವಾಳ ಕೊಟ್ಟಿದ್ದೆ,
ರೊಕ್ಕ ಕೇಳಿದ್ಲು, ಕೊಡಲಿಲ್ಲ.
ಮೂರು ಚೀಲಾನ ತಂದಿಟ್ಲು, ಮ್ಯಾಲ ಎರಡು ಸೇರು.
ರೇಟು ಎಲ್ಲಿಗೆ ಹೋದ್ರೂ ರೊಟ್ಟಿ ಅಷ್ಟ ಆಗ್ತಾವ."

ಮೂರು ದಿನದ ತರಬೇತಿಯಲ್ಲಿ
ಧಾರವಾಡದ ಆ ಪಾಠಗಾರನಿಗೆ ಇದು ಹೊಳೆದಿರಲಿಲ್ಲ.

"ತುಟ್ಟಿ ಆತಂತ ಯಾವುದರ ಮ್ಯಾಲ ಗೊತ್ತು ಮಾಡ್ತಾರ?"
ಅಕ್ಕಿ, ಎಣ್ಣೆ, ಬಾಡಿಗೆ, ಬಸ್ಸಿನ ಟಿಕೀಟು, ಔಷಧ...
"ತೊಟ್ಟು ಬಿಡಿಸೋ ಕೂಲಿ?"

ಪುಂಡಿಪಲ್ಲೆ ಬಾಯಲ್ಲೇ ಇತ್ತು.
ಅವಳಿಗೆ ಕಿಲೋಕ್ಕೆ ಇಷ್ಟೆಂದು ಗೊತ್ತಾದದ್ದು
ಮಗಳು ಒಂದನೇ ಇಯತ್ತೆಗೆ ಹೋಗುವಾಗ.
ಮಗಳೀಗ ಎಂಟನೇದು.

ಆ ಚೂರು ನೋಡಬೇಕೆಂದು ಒಳಗೆ ಬಂದಳು.
ಕಾಗದವೇ ಇಲ್ಲ, ಎಲ್ಲ ಕಂಪ್ಯೂಟರಿನಲ್ಲಿ,
ವಹಿಯಲ್ಲಿ ಒಂದು ಸಾಲು ಮಾತ್ರ.
"ಇಷ್ಟನಾ?" ಎಂದು ಹೆಬ್ಬೆಟ್ಟಿಟ್ಟು ಮುಟ್ಟಿ ನೋಡಿದಳು.

ಮಾರ್ಚ್ ಕಡೆಗೆ ಹುಬ್ಬಳ್ಳಿಯಿಂದ ಆಡಿಟರ್ ಬಂದರು.
ಆ ಪುಟ ತೆರೆದು ಮೂರು ಸಲ ಸೀನಿದರು.
ಮುಕ್ತಾಯದ ತಾರೀಖಿನ ಮೇಲೆ ಏನಮ್ಮಾ ಈ ಕೆಂಪು?
ಒರೆಸಿದರೆ ಹರಡುತ್ತದೆ ಸರ್,
ಹಾಗೇ ಇರಲಿ ಬಿಡಿ, ಎಂದೆ.