ಮುಚ್ಚಳ

ನಾಲ್ಕೂಕಾಲಿಗೆ ಮನೆ ಬಿಟ್ಟೆವು.
ಹಿಂದೆ ಇಪ್ಪತ್ತೆಂಟು ಕೇಜಿ ಗೂಡು, ಎರಡು ಜಾಲರಿ ಚೀಲ,
ಚೀಲಕ್ಕೂ ನನಗೂ ನಡುವೆ ನಮ್ಮತ್ತೆ ಪಿಳ್ಳಮ್ಮ
ಒಂದೇ ಕಡೆ ಕಾಲು ಹಾಕಿ,
ಯಾರದೋ ಮದುವೆಗೆ ಒಲ್ಲದ ಮನಸ್ಸಲ್ಲಿ ಹೊರಟವಳ ಹಾಗೆ.

ಮೂರನೇ ಕಿಲೋಮೀಟರಿಗೆ ಗಾಡಿ ಕೆಮ್ಮಿತು.
ಹುಣಸೇನಹಳ್ಳಿ ಗೇಟು ಇನ್ನೂ ದೂರ.
ಒಂದು ಕೆಮ್ಮು, ಒಂದು ತೇಗು,
ಆಮೇಲೆ ಬರೀ ಟೈರಿನ ಸದ್ದು.
ಆಮೇಲೆ ಅದೂ ಇಲ್ಲ.

ಒದ್ದೆ.
ಚೋಕ್ ಎಳೆದು ಒದ್ದೆ, ಬಿಟ್ಟು ಒದ್ದೆ,
ಆರನೇ ಸಲಕ್ಕೆ ಕಿಕ್ಕರ್ ತಾನೇ ತಿರುಗಿ ಒದ್ದು
ಮೀನಖಂಡದ ಹಳೇ ಗಾಯಕ್ಕೆ ಹೊಸ ಗಾಯ ಜೊತೆಯಾಯಿತು.
ಅತ್ತೆ ಚೀಲಕ್ಕೆ ಹೇಳಿದಳು:
"ಹಸು ತಾನೇ ಒದೀತಿತ್ತು. ಒದೆಸ್ಕೊಳ್ತಿರಲಿಲ್ಲ."

ಚೀಲಕ್ಕೇ. ನನಗಲ್ಲ.
ಯುಗಾದಿಯಿಂದ ನಮ್ಮಿಬ್ಬರಿಗೂ ನೇರ ಮಾತಿಲ್ಲ.
ಗೋಡೆಗೆ ಹೇಳುತ್ತಾಳೆ, ಒಲೆಗೆ, ಸೊಪ್ಪಿನ ಹೊರೆಗೆ.
ಕೆಂಪು ಹಸು ಮಾರಿ ಈ ಗಾಡಿ ತಂದವಳು ನಾನು.

ಪ್ಲಗ್ ಬಿಚ್ಚಿ ಮೊಬೈಲ್ ಬೆಳಕಿಗೆ ಹಿಡಿದೆ.
ಬಿಸ್ಕತ್ತಿನಷ್ಟು ಒಣಗಿತ್ತು.
ಹೆಡ್ಡಿಗೆ ತಾಗಿಸಿ ಒದ್ದರೆ ಚಟ್ ಅಂತ ನೀಲಿ ಕಿಡಿ.
ಬೆಂಕಿ ಇದೆಯಲ್ಲ, ಮತ್ತೇನು ಬೇಕು ನಿನಗೆ?
ಪೆಟ್ರೋಲ್ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತಿರುವಿದೆ.
ಸುಯ್ ಅಂತು ಏನೋ.
ಅರ್ಧ ಟ್ಯಾಂಕು, ಕತ್ತಲಲ್ಲಿ ಥಳಥಳ.
ಮತ್ತೆ ಒದ್ದೆ. ಒಂದೇ ಒದೆಗೆ ಹೊರಟಿತು.

ಪ್ಲಗ್ಗಿನದೇ ತೊಂದರೆ ಅಂದುಕೊಂಡೆ. ಬೀಗಿದೆ ಕೂಡ.
ಮುಚ್ಚಳ ಬಿಗಿದು ಹೊರಟರೆ
ಮತ್ತೆ ಮೂರು ಕಿಲೋಮೀಟರು, ಮತ್ತೆ ಅದೇ ಕೆಮ್ಮು.

ಹಾಲಿನ ಟೆಂಪೋದವನು ನಿಲ್ಲಿಸಿ "ಕಾಯಿಲ್ ಹೋಗಿದೆ" ಅಂದ.
ಅವನ ಪಕ್ಕ ಕೂತವನು "ಟೈಮಿಂಗು" ಅಂದ.
ಇಬ್ಬರೂ ಇಳಿಯಲಿಲ್ಲ.
ಚಿಂತಾಮಣಿಯ ಮುಬಾರಕ್ ಮೂರು ಸಲ ಕಾರ್ಬೊರೇಟರ್ ತೊಳೆದವನು,
ಅಂಗಡಿ ಮುಂದೆ ಒಂದು ರೌಂಡ್ ಹೊಡೆದು
"ಬೆಣ್ಣೆ ಅಕ್ಕಾ, ಬೆಣ್ಣೆ" ಅಂದಿದ್ದ.
ಒಂದು ರೌಂಡಿಗೆ ಎಲ್ಲ ಗಾಡಿಯೂ ಬೆಣ್ಣೆಯೇ.

ಮೂಡಲು ಬೂದಿ ಬಣ್ಣಕ್ಕೆ ತಿರುಗಿತು.
ಮಾರ್ಕೆಟ್ಟಿನಲ್ಲಿ ಈಗ ಟ್ರೇಗೆ ಸುರಿಯುತ್ತಿರುತ್ತಾರೆ,
ಕೈಯಲ್ಲಿ ಗೂಡು ಅಲ್ಲಾಡಿಸಿ
ಕಿವಿಗಿಟ್ಟು ಕೇಳುತ್ತಿರುತ್ತಾರೆ ರೀಲರುಗಳು.
ನಾನು ಮತ್ತೆ ಪ್ಲಗ್ಗಿಗೆ ಸ್ಪ್ಯಾನರ್ ಹಾಕಿದೆ.

"ಮುಚ್ಚಳ ತೆಗೆದ್ರೆ ತಾನೆ ಇದು ಹೊರಡೋದು"
ಅಂದಳು ಅತ್ತೆ, ಚೀಲದ ಗಂಟು ಸಡಿಲಿಸುತ್ತ.
"ನಾಕನೇ ಜ್ವರ ಎದ್ದ ಹುಳ, ಒಂದು ವರ್ಷ.
ಊಜಿ ನೊಣಕ್ಕೆ ಹೆದರಿ ಕಿಟಕಿಗೆಲ್ಲ ಪ್ಲಾಸ್ಟಿಕ್ ಹೊಡೆದಿದ್ದೆ.
ಬೆಳಿಗ್ಗೆ ಮುಟ್ಟಿದ್ರೆ
ಎಲ್ಲಾ ನೀರು."

ಇಳಿದು ಬಂದಳು. ನನ್ನ ಮುಖ ನೋಡದೆ ಕೈ ಚಾಚಿದಳು.
ಮುಚ್ಚಳ ಕೊಟ್ಟೆ.
ತುಟಿಗಿಟ್ಟು ಊದಿದಳು, ಕೆನ್ನೆ ಉಬ್ಬಿತು,
ಗಾಳಿ ಆಚೆ ಹೋಗಲಿಲ್ಲ.
ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು
ಕಾಲಿಗೆ ನೆಟ್ಟ ಮುಳ್ಳು ಕೀಳುವ ಹಾಗೆ,
ನಿಧಾನಕ್ಕೆ, ಬೈಯುತ್ತ.

ಅವಳ ಅಂಗೈಗೆ ಉದುರಿದ್ದು ಸಾಸಿವೆ ಗಾತ್ರದ ಕೆಮ್ಮಣ್ಣು.
ಯಾವುದೋ ಕಡಜ
ನಮ್ಮ ಕೊಟ್ಟಿಗೆಯಲ್ಲಿ, ಹಸು ಕಟ್ಟುತ್ತಿದ್ದ ಜಾಗದಲ್ಲಿ ನಿಂತ ಗಾಡಿಗೆ
ಬಾಡಿಗೆಯಿಲ್ಲದೆ ಬಂದು ಮನೆ ಶುರುಮಾಡಿ
ಅರ್ಧಕ್ಕೇ ಬಿಟ್ಟು ಹೋಗಿತ್ತು.

ಆಮೇಲೆ ಎಲ್ಲೂ ನಿಲ್ಲಲಿಲ್ಲ.
ಶಿಡ್ಲಘಟ್ಟ ಮುಟ್ಟುವಾಗ ಮೊದಲ ಹರಾಜು ಮುಗಿದಿತ್ತು,
ಎರಡನೆಯದಕ್ಕೆ ಕೇಜಿಗೆ ಹದಿನೆಂಟು ರೂಪಾಯಿ ಕಮ್ಮಿ.
ಲೆಕ್ಕ ಹಾಕಿದೆ, ಬಿಟ್ಟೆ, ಮತ್ತೆ ಹಾಕಿದೆ.
ಪಿನ್ನು ಬಳೆಗೇ ವಾಪಸ್ ಹೋಗಿತ್ತು.

ಬರುವಾಗ ಬಿಸಿಲು ಬೆನ್ನಿಗಿಲ್ಲ, ಕಣ್ಣಿಗೆ.
ಖಾಲಿ ಚೀಲ ಮಡಿಚಿ ಅವಳ ಮಡಿಲಲ್ಲಿ.
ಅದಕ್ಕೇ ಹೇಳಿದಳು:
"ಟೀ ಕುಡೀಬೇಕು ಅನಿಸ್ತದೆ."
ನಾನೂ ಚೀಲಕ್ಕೇ ಹೇಳಿದೆ:
"ಗೇಟ್ ಹತ್ರ ನಿಲ್ಲಿಸ್ತೀನಿ."