ಮೂರು ಮನೆಯ ಪದ

ಹಂಬರ್ ನದಿ ಕಡಲು ಸೇರುವ ಕಡೆ
ಕೆಸರು ಬಣ್ಣದ ಒಂದು ಜೈಲು.
ಮಂಗಳವಾರ ಎರಡು ಗಂಟೆಗೆ ಥೆಲ್ಮಾ ಗಾರ್ಬಟ್
ಹೆಸರು ಬರೆಸಿ, ಬ್ಯಾಗು ಜಾಲಾಡಿಸಿಕೊಂಡು,
ಐದು ಪೆನ್ಸಿಲು ಎಣಿಸಿಕೊಟ್ಟು ಒಳಗೆ ಬರುತ್ತಾಳೆ.
ಮೂವತ್ತು ವರ್ಷ ಮೀನು ಹರಾಜಿನ ಲೆಕ್ಕ ಬರೆದವಳು.
ಬೆರಳಲ್ಲಿ ಆ ವಾಸನೆ ಇನ್ನೂ ಇದೆಯೆಂದು
ಅವಳೊಬ್ಬಳಿಗೇ ಅನುಮಾನ.

ಇವತ್ತು ಕ್ರಿಯಾಪದ.
ಹಲಗೆಯ ಮೇಲೆ ಮೂರು ಮನೆ ಗೀಚಿದಳು:
ಇಂದಿಗೊಂದು, ನಿನ್ನೆಗೊಂದು, ಆಗಿಹೋದದ್ದಕ್ಕೊಂದು.
ಗೋ, ವೆಂಟ್, ಗಾನ್. ಹೋದವನು ಹೋದ ಹಾಗೆ ಕಾಣುತ್ತಾನೆ.
ಬ್ರೇಕ್, ಬ್ರೋಕ್, ಬ್ರೋಕನ್. ಒಡೆದದ್ದು ಒಡೆದ ಸದ್ದು ಮಾಡುತ್ತದೆ.
ಆಮೇಲೆ ಹರ್ಟ್.
ಹರ್ಟ್.
ಹರ್ಟ್.
ಸೀಮೆಸುಣ್ಣ ಮೂರು ಸಲವೂ ಅದೇ ಜಾಡಿನಲ್ಲಿ ಓಡಿತು.

"ತಪ್ಪು ಬರೆದಿರಿ, ಮಿಸ್," ಎಂದ ಹಿಂದಿನ ಬೆಂಚಿನವ.
ತಪ್ಪಲ್ಲ, ಎಂದಳು. ಅದು ಹಾಗೇ. ಮಾರ್ಪಡುವುದಿಲ್ಲ.
ಮೊಣಕಾಲು ಮಾಡುವುದೂ ಹರ್ಟ್,
ಮೊಣಕಾಲಿಗೆ ಒದ್ದವನು ಮಾಡುವುದೂ ಹರ್ಟ್.
ನಮ್ಮಲ್ಲಾದರೆ ನೋಯುವುದಕ್ಕೂ ನೋಯಿಸುವುದಕ್ಕೂ ನಡುವೆ
ಒಂದು 'ಇಸು' ನಿಂತಿರುತ್ತದೆ,
ಜಗಳ ಬಿಡಿಸಲು ಬಂದ ಸೋದರಮಾವನ ಹಾಗೆ.
ಅವರಲ್ಲಿ ಅಷ್ಟೂ ಗೋಡೆಯಿಲ್ಲ.

ಡೆರಿಕ್ ಆಸ್ಕ್ಯೂ ಪೆನ್ಸಿಲು ಕೆಳಗಿಟ್ಟ.
ಐವತ್ತೆರಡು ವರ್ಷ; ಕಳೆದ ಚಳಿಗಾಲದ ತನಕ
ಬಸ್ಸಿನ ನಂಬರು ಬಿಟ್ಟು ಏನೂ ಓದಿದವನಲ್ಲ.
ಉಳಿದವರು ಚಹಾಕ್ಕೆ ಎದ್ದ ಮೇಲೆ ಅಂಗಿ ಜೇಬಿನಿಂದ
ನಾಲ್ಕು ಮಡಿಕೆಯ ಕಾಗದ ತೆಗೆದ.
ಮಗಳು ಟ್ಯಾಮ್ಸಿನ್ ಬರೆದದ್ದು. ಹದಿನಾಲ್ಕು ತುಂಬಿದೆ.
ದಿನಾಂಕವಿಲ್ಲ, ಡಿಯರ್ ಇಲ್ಲ.
ಯಾರ ಸಹಾಯವೂ ಇಲ್ಲದೆ ಅವನು ಓದಿಕೊಂಡ ಮೊದಲ ಕಾಗದ:
ಯೂ ಹರ್ಟ್ ಮಿ.

"ಇದು ಯಾವ ಮನೆಯದು, ಮಿಸ್?
ಅವತ್ತಿನದೋ, ಈಗಲೂನೋ?"

ಥೆಲ್ಮಾ ಕನ್ನಡಕ ಹಾಕಿಕೊಂಡಳು, ತೆಗೆದಳು.
'ಹಿ' ಎಂದಿದ್ದರೆ ಹೇಳಬಹುದಿತ್ತು,
ಬಾಲಕ್ಕೊಂದು 'ಸ್' ಇದ್ದರೆ ಇಂದು, ಇಲ್ಲದಿದ್ದರೆ ನಿನ್ನೆ.
ಬೇರೆಯವನ ಮಾತಾಡುವಾಗ ಆ ಭಾಷೆಗೆ ಕಾಲ ಗೊತ್ತು.
ಎದುರಿಗೆ ನಿಂತು 'ನೀನು' ಎಂದರೆ
ಅದಕ್ಕೂ ತಿಳಿಯುವುದಿಲ್ಲ.
ಇಷ್ಟನ್ನೆಲ್ಲ ಅವಳು ಹೇಳಲಿಲ್ಲ.
"ಅವಳನ್ನೇ ಕೇಳಿ ಬರೆ," ಎಂದಳು.

ಬರೆದ. ನಾಲಗೆ ಕಚ್ಚಿಕೊಂಡು, ಅಕ್ಷರಕ್ಕೊಂದು ಉಸಿರು.
ಪ್ರಶ್ನೆ ಬರಲಿಲ್ಲ; ಬಂದದ್ದು
ಮಗಳ ವಾಕ್ಯವೇ, ತಿರುಗಿ ಕೂತದ್ದು:
ಐ ಹರ್ಟ್ ಯೂ.
ಮುಂದೆ ಒಂದು ಪದದಷ್ಟು ಜಾಗ ಬಿಟ್ಟ.
'ಆಗ' ಅಂತ ಸೇರಿಸಿದರೆ ಸಾಕಾ, ಮಿಸ್?
'ಈಗ' ಅನ್ನೋದಕ್ಕೆ ಸ್ಪೆಲ್ಲಿಂಗು?
ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಬಾಗಿಲಲ್ಲಿ ಕಾವಲಿನವ ಪೆನ್ಸಿಲು ಎಣಿಸಿದ. ನಾಲ್ಕು.
ಮತ್ತೆ ಎಣಿಸಿದ. ನಾಲ್ಕು.
ಎಲ್ಲರೂ ಗೋಡೆಗೆ ಮುಖ ಮಾಡಬೇಕಾಯಿತು.
ಡೆರಿಕ್ ಮುಷ್ಟಿ ಬಿಚ್ಚಿದ:
ಮೊಂಡಾದ ಐದನೆಯದು,
ಕೆಳಗೆ ಅಂಗೈಯಲ್ಲಿ
ಅದರಷ್ಟೇ ಉದ್ದದ ಒಂದು ಕೆಂಪು ಗೆರೆ.